ಗಣಕದ ವಿಳಾಸ ಪುಸ್ತಕ ಕಚೇರಿ ತಂತ್ರಾಂಶಕ್ಕೆ: ಸುಲಭವೆನಿಸುವ ಜೋಡಣೆಯ ಹಿಂದಿನ ಲೆಕ್ಕಾಚಾರ

ಸಹಕಾರ ಸಂಘವೊಂದರ ವಾರ್ಷಿಕ ಮಹಾಸಭೆಯ ತಿಳಿವಳಿಕೆ ಪತ್ರ ಎಲ್ಲ ಸದಸ್ಯರ ಕೈ ಸೇರಬೇಕಾಗಿದೆ ಎಂದಿಟ್ಟುಕೊಳ್ಳೋಣ. ಕಾರ್ಯದರ್ಶಿಯ ಗಣಕಯಂತ್ರದಲ್ಲಿ ಸದಸ್ಯರ ವಿಳಾಸಗಳು ಎರಡು ಕಡೆ ಇವೆ. ಒಂದು, ಗಣಕದ ಜತೆಗೇ ಬಂದ ವಿಳಾಸ ಪುಸ್ತಕ. ಇನ್ನೊಂದು, ಮೂರು ವರ್ಷದ ಹಿಂದೆ ಪತ್ರ ಮುದ್ರಣಕ್ಕೆಂದೇ ತಯಾರಿಸಿಟ್ಟ ಎಕ್ಸೆಲ್ ಪಟ್ಟಿ. ಮನೆ ಬದಲಿಸಿದ ಸದಸ್ಯರು ಹೊಸ ವಿಳಾಸ ತಿಳಿಸಿದಾಗ ಅದು ದಾಖಲಾಗುವುದು ಮೊದಲನೆಯದರಲ್ಲಿ. ಪತ್ರ ಮುದ್ರಣವಾಗುವುದು ಎರಡನೆಯದರಿಂದ. ಲಕೋಟೆ ಹಳೆಯ ಮನೆಯ ಬಾಗಿಲಿಗೆ ಹೋಗಿ, ವಿಳಾಸದಾರರು ಇಲ್ಲ ಎಂಬ ಷರಾ ಹೊತ್ತು ಮರಳುತ್ತದೆ. ಅಷ್ಟರಲ್ಲಿ ಸಭೆ ಮುಗಿದಿರುತ್ತದೆ.

ತಪ್ಪು ಕಾರ್ಯದರ್ಶಿಯದ್ದಲ್ಲ, ಅಂಚೆಯವನದ್ದೂ ಅಲ್ಲ. ಒಂದೇ ಮಾಹಿತಿಗೆ ಎರಡು ಪ್ರತಿಗಳಿದ್ದುದೇ ತೊಂದರೆಯ ಮೂಲ. ಗಣಕದ ವಿಳಾಸ ಪುಸ್ತಕವನ್ನು ಪತ್ರ ಬರೆಯುವ ತಂತ್ರಾಂಶವೇ ನೇರವಾಗಿ ಓದಿಕೊಳ್ಳುವಂತಾದರೆ ಈ ತೊಂದರೆ ತಪ್ಪುತ್ತದೆ. ಕೇಳಲು ಇದು ಸರಳ. ಆದರೆ ಇಂತಹ ಜೋಡಣೆಯ ಯೋಜನೆಗೆ ಕುಳಿತವರು ಎದುರಿಸಬೇಕಾದ ಪ್ರಶ್ನೆಗಳು ಹಲವು. ಓಪನ್ ಆಫೀಸ್ ಎಂಬ ಮುಕ್ತ ತಂತ್ರಾಂಶವು ಆಪಲ್ ಕಂಪನಿಯ ಮ್ಯಾಕ್ ಗಣಕಗಳ ವಿಳಾಸ ಪುಸ್ತಕದೊಂದಿಗೆ ಬೆಸೆದುಕೊಂಡ ಪ್ರಸಂಗ ಇದಕ್ಕೆ ಉತ್ತಮ ನಿದರ್ಶನ.

ಹಿನ್ನೆಲೆ

ಸ್ಟಾರ್ ಆಫೀಸ್ ಎಂಬ ಜರ್ಮನ್ ಮೂಲದ ಕಚೇರಿ ತಂತ್ರಾಂಶವನ್ನು ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ 1999ರಲ್ಲಿ ಖರೀದಿಸಿತು. ಮರುವರ್ಷ, ಅಂದರೆ 2000ದಲ್ಲಿ, ಅದರ ಮೂಲ ಸಂಕೇತವನ್ನು ಸಾರ್ವಜನಿಕರಿಗೆ ಮುಕ್ತಗೊಳಿಸಿತು. ಹೀಗೆ ಹುಟ್ಟಿದ್ದು ಓಪನ್ ಆಫೀಸ್ ಯೋಜನೆ. ಅದರ 1.0 ಆವೃತ್ತಿ 2002ರಲ್ಲಿ, ಬೇಸ್ ಎಂಬ ದತ್ತಾಂಶ ವಿಭಾಗವನ್ನು ಒಳಗೊಂಡ 2.0 ಆವೃತ್ತಿ 2005ರಲ್ಲಿ ಬಿಡುಗಡೆಯಾದವು.

ಇದೇ ಅವಧಿಯಲ್ಲಿ ಆಪಲ್ ತನ್ನ ಕಾರ್ಯಾಚರಣ ವ್ಯವಸ್ಥೆಯಲ್ಲಿ ಮಹತ್ವದ ಬದಲಾವಣೆಯೊಂದನ್ನು ತಂದಿತು. 2002ರ ಮ್ಯಾಕ್ ಒಎಸ್ ಟೆನ್ 10.2 ಆವೃತ್ತಿಯಲ್ಲಿ ಇಡೀ ಗಣಕಕ್ಕೆ ಸಾಮಾನ್ಯವಾದ ಒಂದು ವಿಳಾಸ ಪುಸ್ತಕವನ್ನು ಅದು ಒದಗಿಸಿತು. ಬೇರೆ ತಂತ್ರಾಂಶಗಳೂ ಅದರೊಳಗಿನ ವಿವರಗಳನ್ನು ಕೇಳಿ ಪಡೆಯಲು ಅನುವಾಗುವ ದ್ವಾರವನ್ನೂ ತೆರೆಯಿತು. ಇಮೇಲ್ ಕಳುಹಿಸುವಾಗಲೂ ಸಂದೇಶ ಬರೆಯುವಾಗಲೂ ಅದೇ ಪುಸ್ತಕ ತೆರೆದುಕೊಳ್ಳುತ್ತಿತ್ತು.

ಆದರೆ ಆಗ ಓಪನ್ ಆಫೀಸ್ ಮ್ಯಾಕ್ ಗಣಕದಲ್ಲಿ ಅತಿಥಿಯಂತೆ ಇತ್ತು. ಅದು ಓಡಲು ಎಕ್ಸ್11 ಎಂಬ ಪ್ರತ್ಯೇಕ ವ್ಯವಸ್ಥೆಯ ನೆರವು ಬೇಕಾಗಿತ್ತು. ಅದರ ಕಿಟಕಿಗಳು, ಪಟ್ಟಿಗಳು ಮ್ಯಾಕ್‌ನ ಉಳಿದ ತಂತ್ರಾಂಶಗಳಂತೆ ಕಾಣುತ್ತಿರಲಿಲ್ಲ. ಈ ಪರಾವಲಂಬನೆ ತಪ್ಪಿ, ಮ್ಯಾಕ್‌ಗೆ ಸಹಜವಾಗಿ ಹೊಂದುವ ರೂಪ ಬಂದದ್ದು 2008ರ ಅಕ್ಟೋಬರ್‌ನಲ್ಲಿ ಹೊರಬಂದ 3.0 ಆವೃತ್ತಿಯಲ್ಲಿ. ನೋಟದಲ್ಲಷ್ಟೇ ಅಲ್ಲ, ನಡೆಯಲ್ಲೂ ತಂತ್ರಾಂಶ ಗಣಕದವನೇ ಆಗಬೇಕು ಎಂಬ ಈ ಪ್ರಯತ್ನದ ಒಂದು ಭಾಗವೇ ವಿಳಾಸ ಪುಸ್ತಕದ ಜೋಡಣೆ.

ನಕಲೋ, ನೇರ ಓದೋ?

ಯೋಜಕರು ಮೊದಲು ತೀರ್ಮಾನಿಸಬೇಕಾದುದು ಇದನ್ನು. ವಿಳಾಸಗಳನ್ನೆಲ್ಲ ಒಮ್ಮೆ ನಕಲು ಮಾಡಿ ತಂತ್ರಾಂಶದೊಳಗೆ ತಂದಿಟ್ಟುಕೊಳ್ಳುವುದು ಒಂದು ಮಾರ್ಗ. ಬೇಕಾದಾಗಲೆಲ್ಲ ಮೂಲ ಪುಸ್ತಕವನ್ನೇ ಓದುವುದು ಇನ್ನೊಂದು ಮಾರ್ಗ.

ನಕಲು ಮಾಡುವುದು ಸುಲಭ. ವಿಕಾರ್ಡ್ ಎಂಬ ಸಾಮಾನ್ಯ ಮಾದರಿಯ ಕಡತವನ್ನು ಒಂದು ತಂತ್ರಾಂಶದಿಂದ ಹೊರತೆಗೆದು ಇನ್ನೊಂದಕ್ಕೆ ಸೇರಿಸಿದರೆ ಸಾಕು. ಆದರೆ ನಕಲು ತೆಗೆದ ಕ್ಷಣದಿಂದಲೇ ಅದು ಹಳತಾಗತೊಡಗುತ್ತದೆ. ಆರಂಭದಲ್ಲಿ ಹೇಳಿದ ಕಾರ್ಯದರ್ಶಿಯ ಪಾಡು ಹಾಗೆಯೇ ಉಳಿಯುತ್ತದೆ. ಆದ್ದರಿಂದ ಓಪನ್ ಆಫೀಸ್ ಆಯ್ದುಕೊಂಡದ್ದು ಎರಡನೆಯ ಮಾರ್ಗವನ್ನು.

ಅದಕ್ಕೆ ಅನುಕೂಲವಾದ ಏರ್ಪಾಟು ತಂತ್ರಾಂಶದೊಳಗೆ ಮೊದಲೇ ಇತ್ತು. ಯಾವುದೇ ದತ್ತಾಂಶ ಮೂಲವನ್ನು, ಅದು ದೊಡ್ಡ ದತ್ತಸಂಚಯವಿರಲಿ ಸಾಮಾನ್ಯ ಪಠ್ಯ ಕಡತವಿರಲಿ, ಒಂದೇ ರೀತಿಯಲ್ಲಿ ಓದಲು ಸಾಧ್ಯವಾಗುವಂತೆ ನಡುವೆ ಒಂದು ಪದರವನ್ನು ಕಲ್ಪಿಸಲಾಗಿದೆ. ಪ್ರತಿ ಮೂಲಕ್ಕೂ ಒಂದೊಂದು ಚಾಲಕ, ಅಂದರೆ ಡ್ರೈವರ್. ಚಾಲಕನ ಕೆಲಸ ದುಭಾಷಿಯ ಕೆಲಸ. ಆಚೆಗಿನ ಪುಸ್ತಕ ಯಾವ ಬಗೆಯದ್ದೇ ಇರಲಿ, ಈಚೆಗೆ ಅದನ್ನು ಅಡ್ಡಸಾಲು ಮತ್ತು ಕಾಲಂಗಳಿರುವ ಕೋಷ್ಟಕವಾಗಿ ತೋರಿಸುವುದು ಅದರ ಹೊಣೆ. ಲಿನಕ್ಸ್ ಗಣಕಗಳ ಎವಲ್ಯೂಷನ್, ಮೊಜಿಲ್ಲಾ ಬಳಗದ ವಿಳಾಸ ಪುಸ್ತಕ ಮುಂತಾದವುಗಳಿಗೆ ಇಂತಹ ಚಾಲಕಗಳಿದ್ದವು. ಮ್ಯಾಕ್‌ಗೆ ಬೇಕಾದದ್ದು ಅದೇ ಸಾಲಿಗೆ ಇನ್ನೊಂದು ಚಾಲಕ. ಇಡೀ ತಂತ್ರಾಂಶವನ್ನು ತಿದ್ದುವ ಅಗತ್ಯ ಬೀಳಲಿಲ್ಲ.

ಚೀಟಿಯನ್ನು ಕೋಷ್ಟಕವಾಗಿಸುವುದು

ನಿಜವಾದ ತೊಡಕು ಎದುರಾಗುವುದು ಇಲ್ಲಿ. ವಿಳಾಸ ಪುಸ್ತಕದಲ್ಲಿರುವುದು ಚೀಟಿಗಳು. ಒಬ್ಬರ ಚೀಟಿಯಲ್ಲಿ ಒಂದೇ ದೂರವಾಣಿ ಸಂಖ್ಯೆ, ಇನ್ನೊಬ್ಬರದರಲ್ಲಿ ನಾಲ್ಕು. ಒಬ್ಬರಿಗೆ ಮನೆಯ ವಿಳಾಸ ಮಾತ್ರ, ಮತ್ತೊಬ್ಬರಿಗೆ ಮನೆ, ಕಚೇರಿ, ಊರಿನ ತೋಟದ ಮನೆ ಹೀಗೆ ಮೂರು. ಚೀಟಿಗೆ ಮಿತಿಯಿಲ್ಲ. ಆದರೆ ಕೋಷ್ಟಕದಲ್ಲಿ ಎಲ್ಲ ಸಾಲುಗಳಿಗೂ ಅಷ್ಟೇ ಕಾಲಂಗಳಿರಬೇಕು.

ಇದಕ್ಕೆ ಹಲವು ಪರಿಹಾರಗಳನ್ನು ಯೋಚಿಸಬಹುದು. ಪ್ರತಿಯೊಬ್ಬರ ಮೊದಲ ಸಂಖ್ಯೆಯನ್ನು ಮಾತ್ರ ತೆಗೆದುಕೊಂಡು ಉಳಿದವನ್ನು ಬಿಟ್ಟುಬಿಡುವುದು ಒಂದು. ಆಗ ಕೋಷ್ಟಕ ಚಿಕ್ಕದಾಗಿರುತ್ತದೆ, ಆದರೆ ಯಾವ ಸಂಖ್ಯೆ ಬಂತು ಎಂಬುದು ಅದೃಷ್ಟಕ್ಕೆ ಬಿಟ್ಟದ್ದು. ಒಬ್ಬ ವ್ಯಕ್ತಿಗೆ ಎಷ್ಟು ವಿಳಾಸಗಳಿವೆಯೋ ಅಷ್ಟು ಸಾಲು ಮಾಡುವುದು ಇನ್ನೊಂದು. ಆಗ ಮೂರು ವಿಳಾಸವಿದ್ದವರಿಗೆ ಒಂದೇ ಪತ್ರ ಮೂರು ಬಾರಿ ಹೋದೀತು. ಪುಸ್ತಕದಲ್ಲಿ ಬಳಕೆಯಾಗಿರುವ ಪ್ರತಿ ಗುರುತುಪಟ್ಟಿಗೂ ಒಂದು ಕಾಲಂ ಮಾಡುವುದು ಮೂರನೆಯದು. ಮನೆಯ ದೂರವಾಣಿ ಒಂದು ಕಾಲಂ, ಕಚೇರಿಯದ್ದು ಇನ್ನೊಂದು, ಮನೆ ವಿಳಾಸದ ಊರು ಮತ್ತೊಂದು, ಹೀಗೆ. ಮ್ಯಾಕ್ ಚಾಲಕ ಹಿಡಿದದ್ದು ಈ ಮೂರನೆಯ ದಾರಿ. ಒಂದೇ ಗುರುತಿನ ಎರಡು ವಿವರಗಳಿದ್ದರೆ ಎರಡನೆಯದಕ್ಕೆ ಅಂಕಿ ಸೇರಿಸಿ ಪ್ರತ್ಯೇಕಿಸಲಾಗುತ್ತದೆ.

ಇದರ ಪರಿಣಾಮವಾಗಿ ಕೋಷ್ಟಕ ಬಹಳ ಅಗಲವಾಗುತ್ತದೆ. ಹೆಚ್ಚಿನ ಕೋಣೆಗಳು ಖಾಲಿ ಉಳಿಯುತ್ತವೆ. ಆದರೆ ಯಾವ ಮಾಹಿತಿಯೂ ಕೈತಪ್ಪುವುದಿಲ್ಲ, ಯಾವುದನ್ನು ಬಳಸಬೇಕೆಂಬ ಆಯ್ಕೆ ಪತ್ರ ಬರೆಯುವವರ ಕೈಯಲ್ಲೇ ಉಳಿಯುತ್ತದೆ. ಖಾಲಿ ಕೋಣೆಗಳಿಂದ ಲಕೋಟೆಯ ಮೇಲೆ ಖಾಲಿ ಗೆರೆಗಳು ಬೀಳದಂತೆ ತಡೆಯುವ ಸೌಲಭ್ಯ ಪತ್ರ ಜೋಡಣೆಯ ವಿಭಾಗದಲ್ಲಿ ಬೇರೆಯಾಗಿಯೇ ಇದೆ.

ಪುಸ್ತಕದಲ್ಲಿನ ಗುಂಪುಗಳ ಪ್ರಶ್ನೆಯೂ ಇಂಥದ್ದೇ. ನಿರ್ದೇಶಕರು, ಸಾಮಾನ್ಯ ಸದಸ್ಯರು, ಬಂಧುಗಳು ಎಂದು ಬಳಕೆದಾರರು ಗುಂಪು ಮಾಡಿಕೊಂಡಿರುತ್ತಾರೆ. ಪ್ರತಿ ಗುಂಪೂ ಒಂದೊಂದು ಪ್ರತ್ಯೇಕ ಕೋಷ್ಟಕವಾಗಿ ಕಾಣಿಸಿಕೊಂಡರೆ ಸದಸ್ಯರಿಗೆ ಹೋಗಬೇಕಾದ ಪತ್ರ ಬಂಧುಗಳಿಗೆ ಹೋಗುವ ಪ್ರಮೇಯ ಬರುವುದಿಲ್ಲ.

ಹೆಸರು ಹೊಂದಿಸುವ ಮಧ್ಯವರ್ತಿ

ಪತ್ರದ ಮಾದರಿಯೊಂದನ್ನು ತಯಾರಿಸುವಾಗ ಅದರೊಳಗೆ ಹೆಸರು, ಊರು ಬರಬೇಕಾದ ಜಾಗಗಳನ್ನು ಗುರುತಿಸಿಡಲಾಗುತ್ತದೆ. ಆ ಗುರುತಿನಲ್ಲಿ ದತ್ತಾಂಶ ಮೂಲದ ಹೆಸರು, ಕೋಷ್ಟಕದ ಹೆಸರು, ಕಾಲಂನ ಹೆಸರು ಮೂರೂ ಅಡಗಿರುತ್ತವೆ. ಗುಂಪಿನ ಹೆಸರನ್ನು ಬದಲಿಸಿದರೆ ಹಳೆಯ ಪತ್ರಕ್ಕೆ ತನ್ನ ಮೂಲ ಸಿಗುವುದಿಲ್ಲ. ಕಾಲಂ ಹೆಸರುಗಳನ್ನು ಬಳಕೆದಾರರ ಭಾಷೆಗೆ ತಕ್ಕಂತೆ ತೋರಿಸಿದರೆ ಓದಲು ಹಿತ. ಆದರೆ ಗಣಕದ ಭಾಷೆ ಬದಲಾದ ದಿನ ಪತ್ರಗಳೆಲ್ಲ ದಿಕ್ಕು ತಪ್ಪಬಹುದು. ಕಾಣುವ ಹೆಸರು ಬೇರೆ, ಒಳಗಿನ ಗುರುತು ಬೇರೆ ಇರಬೇಕೆಂಬುದು ಇಂತಹ ಯೋಜನೆಗಳು ಕಲಿಸುವ ಪಾಠ.

ವಿಳಾಸ ಪುಸ್ತಕದಿಂದ ಪುಸ್ತಕಕ್ಕೆ ಕಾಲಂ ಹೆಸರುಗಳೂ ಬೇರೆಯಾಗುತ್ತವೆ. ಒಂದರಲ್ಲಿ ಊರು ಎಂದಿರುವುದು ಇನ್ನೊಂದರಲ್ಲಿ ನಗರ ಎಂದಿರಬಹುದು. ಆದ್ದರಿಂದಲೇ ಓಪನ್ ಆಫೀಸ್‌ನಲ್ಲಿ ವಿಳಾಸ ಮೂಲವನ್ನು ಸ್ಥಾಪಿಸುವ ಮಾರ್ಗದರ್ಶಿಯೊಂದನ್ನು ಇಡಲಾಯಿತು. ತಂತ್ರಾಂಶಕ್ಕೆ ಬೇಕಾದ ಹೆಸರು, ಬೀದಿ, ಊರು ಇತ್ಯಾದಿ ಎಡಗಡೆ. ಪುಸ್ತಕದಲ್ಲಿರುವ ಕಾಲಂಗಳು ಬಲಗಡೆ. ಬಳಕೆದಾರರು ಒಮ್ಮೆ ಹೊಂದಿಸಿಕೊಟ್ಟರೆ ಮುಂದೆ ಎಲ್ಲ ಮಾದರಿ ಪತ್ರಗಳಿಗೂ ಅದೇ ಅನ್ವಯವಾಗುತ್ತದೆ. ಮೊದಲ ದಿನದ ಐದು ನಿಮಿಷದ ಶ್ರಮ, ಮುಂದಿನ ವರ್ಷಗಳ ಗೊಂದಲವನ್ನು ತಪ್ಪಿಸುತ್ತದೆ.

ತಾಲ್ಲೂಕಿಗೆ ಜಾಗವೆಲ್ಲಿ?

ಕರ್ನಾಟಕದ ಬಳಕೆದಾರರಿಗೆ ಈ ಹೊಂದಾಣಿಕೆ ಇನ್ನಷ್ಟು ಮುಖ್ಯ. ವಿಳಾಸ ಪುಸ್ತಕಗಳ ರಚನೆ ರೂಪುಗೊಂಡದ್ದು ಪಾಶ್ಚಾತ್ಯ ವಿಳಾಸಗಳನ್ನು ಮುಂದಿಟ್ಟುಕೊಂಡು. ವಿಕಾರ್ಡ್ ಮಾದರಿಯಲ್ಲಿ ವಿಳಾಸಕ್ಕೆ ಏಳು ಭಾಗಗಳು: ಅಂಚೆ ಪೆಟ್ಟಿಗೆ ಸಂಖ್ಯೆ, ಹೆಚ್ಚುವರಿ ವಿವರ, ಬೀದಿ, ಊರು, ರಾಜ್ಯ ಅಥವಾ ಪ್ರಾಂತ್ಯ, ಪಿನ್ ಕೋಡ್, ದೇಶ. ನಮ್ಮ ಹಳ್ಳಿಯ ವಿಳಾಸದಲ್ಲಿ ಅಂಚೆ, ಹೋಬಳಿ, ತಾಲ್ಲೂಕು, ಜಿಲ್ಲೆ ಎಲ್ಲವೂ ಬರುತ್ತವೆ. ಇವುಗಳಿಗೆ ಪ್ರತ್ಯೇಕ ಜಾಗವಿಲ್ಲ. ಬೆಂಗಳೂರಿನ ವಿಳಾಸವಾದರೆ ಮುಖ್ಯರಸ್ತೆ, ಅಡ್ಡರಸ್ತೆ, ಹಂತ, ಜತೆಗೆ ಯಾವ ದೇವಸ್ಥಾನದ ಹಿಂಭಾಗ ಎಂಬುದೆಲ್ಲ ಒಂದೇ ಬೀದಿಯ ಕೋಣೆಯಲ್ಲಿ ಒತ್ತಿಕೊಂಡು ಕೂರಬೇಕು. ಒಬ್ಬರು ತಾಲ್ಲೂಕನ್ನು ಊರಿನ ಕೋಣೆಯಲ್ಲಿ, ಇನ್ನೊಬ್ಬರು ಬೀದಿಯ ಕೋಣೆಯಲ್ಲಿ ಬರೆದರೆ ಮುದ್ರಿತ ಲಕೋಟೆಗಳು ಒಂದೊಂದು ಒಂದೊಂದು ಬಗೆ. 1972ರಲ್ಲಿ ಜಾರಿಗೆ ಬಂದ ಆರಂಕಿಯ ಪಿನ್ ಕೋಡ್ ಸರಿಯಾಗಿದ್ದರೆ ಪತ್ರ ಸರಿಯಾದ ಅಂಚೆ ಕಚೇರಿಯವರೆಗಾದರೂ ತಲುಪುತ್ತದೆ ಎಂಬುದಷ್ಟೇ ಸಮಾಧಾನ.

ಹೆಸರಿನದ್ದೂ ಇದೇ ಕಥೆ. ಮೊದಲ ಹೆಸರು, ಕುಲನಾಮ ಎಂಬ ಎರಡು ಕೋಣೆಗಳಲ್ಲಿ ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಮುಂದಿಟ್ಟುಕೊಂಡ ಹೆಸರು ಎಲ್ಲಿ ಕೂರಬೇಕು? ಮೊದಲಕ್ಷರಗಳನ್ನು ಕುಲನಾಮದ ಕೋಣೆಗೆ ತಳ್ಳಿದರೆ ಲಕೋಟೆಯ ಮೇಲೆ ಹೆಸರು ತಿರುವುಮುರುವಾಗುತ್ತದೆ. ಪತ್ರದ ಸಂಬೋಧನೆಯಲ್ಲಿ ಬರೀ ಮೊದಲಕ್ಷರಗಳು ಬಂದು ಮುಜುಗರವಾಗುತ್ತದೆ. ಈ ತೊಡಕು ನಮ್ಮದಷ್ಟೇ ಅಲ್ಲ. ಕುಲನಾಮವಿಲ್ಲದ, ಅಥವಾ ಕುಲನಾಮ ಮೊದಲು ಬರುವ ಜನಸಮುದಾಯಗಳು ಜಗತ್ತಿನಲ್ಲಿ ಹಲವಿವೆ. 2011ರ ವಿಕಾರ್ಡ್ 4.0 ಮಾದರಿಯಲ್ಲಿ ಬರೆಯುವ ಕ್ರಮದಲ್ಲೇ ಇರುವ ಪೂರ್ಣ ಹೆಸರನ್ನು ಕಡ್ಡಾಯವಾಗಿಸಿ, ಭಾಗ ಭಾಗವಾದ ಹೆಸರನ್ನು ಐಚ್ಛಿಕವಾಗಿಸಲಾಗಿದೆ. ಲಕೋಟೆಗೆ ಪೂರ್ಣ ಹೆಸರನ್ನೇ ಬಳಸುವುದು ಕ್ಷೇಮ.

ಕನ್ನಡ ಲಿಪಿಯಲ್ಲಿ ವಿಳಾಸ ಇಟ್ಟುಕೊಳ್ಳುವವರು ಗಮನಿಸಬೇಕಾದ ಇನ್ನೊಂದು ಅಂಶವಿದೆ. ವಿಳಾಸ ಪುಸ್ತಕ ಅಕ್ಷರಗಳ ಸಂಕೇತವನ್ನು ಮಾತ್ರ ಕಾಪಾಡುತ್ತದೆ, ಫಾಂಟನ್ನು ಕಾಪಾಡುವುದಿಲ್ಲ. ಯೂನಿಕೋಡ್‌ಗೆ ಮುನ್ನ ಚಾಲ್ತಿಗೆ ಬಂದ ಹಳೆಯ ಫಾಂಟುಗಳಲ್ಲಿ ಬರೆದ ಕನ್ನಡ, ಗಣಕದ ದೃಷ್ಟಿಯಲ್ಲಿ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸರಣಿ. ಫಾಂಟಿನ ಹೊದಿಕೆಯಿಂದಷ್ಟೇ ಅದು ಕನ್ನಡವಾಗಿ ಕಾಣುತ್ತಿರುತ್ತದೆ. ಪುಸ್ತಕಕ್ಕೆ ಸೇರಿದೊಡನೆ ಆ ಹೊದಿಕೆ ಜಾರಿ, ಉಳಿಯುವುದು ಅರ್ಥವಿಲ್ಲದ ಅಕ್ಷರಗಳ ರಾಶಿ. ಅಕಾರಾದಿ ಕ್ರಮವೂ ಕೆಡುತ್ತದೆ, ಹುಡುಕಿದರೂ ಸಿಗುವುದಿಲ್ಲ. ಹಳೆಯ ಪಟ್ಟಿಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿದ ನಂತರವೇ ವಿಳಾಸ ಪುಸ್ತಕಕ್ಕೆ ಸೇರಿಸುವುದು ಅನಿವಾರ್ಯ.

ಓದಲು ಅನುಮತಿ, ತಿದ್ದಲು ಇಲ್ಲ

ಪತ್ರ ಬರೆಯುವಾಗ ವಿಳಾಸ ತಪ್ಪಿರುವುದು ಕಣ್ಣಿಗೆ ಬಿದ್ದರೆ ಅಲ್ಲಿಯೇ ತಿದ್ದುವಂತಿದ್ದರೆ ಚೆನ್ನ ಎನಿಸುವುದು ಸಹಜ. ಆದರೆ ಸಾವಿರ ಸಾಲುಗಳ ಕೋಷ್ಟಕದಲ್ಲಿ ಒಂದು ತಪ್ಪು ಆಜ್ಞೆ ಇಡೀ ಕಾಲಂ ಅನ್ನು ಅಳಿಸಿಹಾಕಬಲ್ಲದು. ವಿಳಾಸ ಪುಸ್ತಕ ಆ ಒಂದು ತಂತ್ರಾಂಶದ ಸ್ವತ್ತಲ್ಲ. ಇಮೇಲ್, ದೂರವಾಣಿ, ದಿನಚರಿ ಎಲ್ಲವೂ ಅದನ್ನೇ ನೆಚ್ಚಿಕೊಂಡಿವೆ. ಹಾಗಾಗಿ ಕಚೇರಿ ತಂತ್ರಾಂಶಕ್ಕೆ ಓದುವ ಅಧಿಕಾರವನ್ನಷ್ಟೇ ಕೊಟ್ಟು, ತಿದ್ದುಪಡಿಯನ್ನು ಪುಸ್ತಕದ ತವರಿನಲ್ಲೇ ಮಾಡುವಂತೆ ಇಡುವುದು ಎಚ್ಚರಿಕೆಯ ಕ್ರಮ. ಓಪನ್ ಆಫೀಸ್‌ನ ಜೋಡಣೆಯೂ ಇದೇ ಧೋರಣೆಯನ್ನು ಅನುಸರಿಸಿತು.

ಪುಸ್ತಕ ನಮ್ಮದು, ಒಳಗಿನವರು ಬೇರೆಯವರು

2000ದ ದಶಕದಲ್ಲಿ ಇಂತಹ ಜೋಡಣೆಗಳ ಯೋಜನೆಯಲ್ಲಿ ಅಷ್ಟಾಗಿ ಚರ್ಚೆಯಾಗದ ಪ್ರಶ್ನೆಯೊಂದು ಮುಂದೆ ಎಲ್ಲಕ್ಕಿಂತ ದೊಡ್ಡದಾಯಿತು. ಗಣಕದಲ್ಲಿ ಓಡುವ ಯಾವ ತಂತ್ರಾಂಶವಾದರೂ ಕೇಳದೆಯೇ ವಿಳಾಸ ಪುಸ್ತಕವನ್ನು ಓದಬಹುದೇ? 2012ರ ಫೆಬ್ರುವರಿಯಲ್ಲಿ ಪಾಥ್ ಎಂಬ ಮೊಬೈಲ್ ತಂತ್ರಾಂಶ ಬಳಕೆದಾರರ ಇಡೀ ವಿಳಾಸ ಪುಸ್ತಕವನ್ನು ಅವರ ಅರಿವಿಗೆ ಬಾರದಂತೆ ತನ್ನ ಸರ್ವರಿಗೆ ಸಾಗಿಸುತ್ತಿದ್ದುದು ಬಯಲಾಯಿತು. ಕಂಪನಿ ಕ್ಷಮೆ ಕೋರಿತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹೂಡಿದ ಪ್ರಕರಣ 2013ರಲ್ಲಿ ಒಪ್ಪಂದದೊಂದಿಗೆ ಕೊನೆಗೊಂಡಿತು.

2012ರಲ್ಲೇ ಬಂದ ಆಪಲ್‌ನ ಐಒಎಸ್ 6 ಮತ್ತು ಮ್ಯಾಕ್‌ನ 10.8 ಆವೃತ್ತಿಗಳಲ್ಲಿ, ವಿಳಾಸಗಳನ್ನು ಓದಬಯಸುವ ತಂತ್ರಾಂಶ ಮೊದಲು ಬಳಕೆದಾರರ ಒಪ್ಪಿಗೆ ಪಡೆಯಲೇಬೇಕೆಂಬ ನಿಯಮ ಬಂದಿತು. ಮ್ಯಾಕ್‌ನ ವಿಳಾಸ ಪುಸ್ತಕದ ಹೆಸರು ಕಾಂಟ್ಯಾಕ್ಟ್ಸ್ ಎಂದು ಬದಲಾದದ್ದೂ ಅದೇ ಆವೃತ್ತಿಯಲ್ಲಿ. ಇದರಿಂದ ಯೋಜಕರ ಕೆಲಸಕ್ಕೆ ಹೊಸದೊಂದು ಅಧ್ಯಾಯ ಸೇರಿತು. ಬಳಕೆದಾರರು ಒಲ್ಲೆ ಎಂದರೆ ತಂತ್ರಾಂಶ ಏನು ಮಾಡಬೇಕು? ಖಾಲಿ ಕೋಷ್ಟಕ ತೋರಿಸಿ ಸುಮ್ಮನಾದರೆ ವಿಳಾಸಗಳೆಲ್ಲ ಅಳಿಸಿಹೋದವೆಂದು ಬಳಕೆದಾರರು ಗಾಬರಿಯಾಗುತ್ತಾರೆ. ಒಪ್ಪಿಗೆ ಇಲ್ಲದ ಕಾರಣ ಓದಲಾಗಲಿಲ್ಲ ಎಂದು ಸ್ಪಷ್ಟವಾಗಿ ತಿಳಿಸುವುದು ಯೋಜನೆಯ ಭಾಗವೇ ಆಗಬೇಕು.

ಒಪ್ಪಿಗೆ ಕೊಡುವವರು ಪುಸ್ತಕದ ಒಡೆಯರು. ಆದರೆ ಅದರೊಳಗಿನ ವಿವರಗಳು ಬೇರೆಯವರವು ಎಂಬುದು ಇಲ್ಲಿನ ಸೂಕ್ಷ್ಮ. 2023ರಲ್ಲಿ ಸಂಸತ್ತಿನ ಅಂಗೀಕಾರ ಪಡೆದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳೂ ಇದಕ್ಕೆ ಹತ್ತಿರದ್ದು. ಯಾವ ಉದ್ದೇಶಕ್ಕೆ ಒಪ್ಪಿಗೆ ಪಡೆಯಲಾಗಿದೆಯೋ ಆ ಉದ್ದೇಶಕ್ಕೆ ಮಾತ್ರ ಮಾಹಿತಿಯನ್ನು ಬಳಸಬೇಕೆಂಬುದು ಅದರ ಆಶಯ. ವ್ಯಕ್ತಿಯೊಬ್ಬರು ಮನೆಯ ಅಥವಾ ಸ್ವಂತದ ಕೆಲಸಕ್ಕೆ ಇಟ್ಟುಕೊಂಡ ವಿವರಗಳಿಗೆ ಕಾಯ್ದೆ ವಿನಾಯಿತಿ ನೀಡುತ್ತದೆ. ಮದುವೆಯ ಆಮಂತ್ರಣಕ್ಕೆ ಬಳಸುವ ವಿಳಾಸ ಪಟ್ಟಿ ಈ ವಿನಾಯಿತಿಯೊಳಗೆ ಬರುತ್ತದೆ. ಸಂಘ ಸಂಸ್ಥೆಯ ಸದಸ್ಯರ ಪಟ್ಟಿಯ ಮಾತು ಬೇರೆ. ಮಹಾಸಭೆಯ ಪತ್ರಕ್ಕೆಂದು ಪಡೆದ ವಿಳಾಸವನ್ನು ವ್ಯಾಪಾರದ ಪ್ರಚಾರಕ್ಕೆ ಬಳಸುವುದು ಸಲ್ಲದು.

ಈ ದೃಷ್ಟಿಯಿಂದ ನೋಡಿದಾಗ ನಕಲು ಮಾಡದೆ ನೇರವಾಗಿ ಓದುವ ಹಳೆಯ ತೀರ್ಮಾನಕ್ಕೆ ಹೊಸ ಅರ್ಥ ಬರುತ್ತದೆ. ನಕಲುಗಳು ಹೆಚ್ಚಿದಷ್ಟೂ ಸೋರಿಕೆಯ ದಾರಿಗಳೂ ಹೆಚ್ಚು. ಸದಸ್ಯರೊಬ್ಬರು ತಮ್ಮ ವಿವರ ತೆಗೆದುಹಾಕಿ ಎಂದು ಕೇಳಿದಾಗ, ಪುಸ್ತಕದಿಂದ ತೆಗೆದರೂ ಯಾವುದೋ ಎಕ್ಸೆಲ್ ಕಡತದಲ್ಲಿ ಅದು ಉಳಿದೇ ಇರುತ್ತದೆ. ಅನುಕೂಲಕ್ಕಾಗಿ ಕೈಗೊಂಡ ತಾಂತ್ರಿಕ ನಿರ್ಧಾರ ಖಾಸಗಿತನಕ್ಕೂ ಕಾವಲಾಗುತ್ತದೆ.

ನೆಲ ಅಲುಗಿದಾಗ

ಜೋಡಣೆ ಮುಗಿದ ದಿನಕ್ಕೆ ಕೆಲಸ ಮುಗಿಯುವುದಿಲ್ಲ. ಆಪಲ್ 2015ರ 10.11 ಆವೃತ್ತಿಯಲ್ಲಿ ವಿಳಾಸಗಳನ್ನು ಓದಲು ಹೊಸ ದ್ವಾರವೊಂದನ್ನು ಒದಗಿಸಿ, ಹಳೆಯದನ್ನು ಹೊಸ ತಂತ್ರಾಂಶಗಳಲ್ಲಿ ಬಳಸದಂತೆ ಸೂಚಿಸಿತು. ಇತ್ತ ಓಪನ್ ಆಫೀಸ್‌ನ ಪಾಡೂ ಬದಲಾಯಿತು. ಸನ್ ಕಂಪನಿ 2010ರಲ್ಲಿ ಒರಾಕಲ್ ಪಾಲಾಯಿತು; ಅದೇ ವರ್ಷ ಬಹಳಷ್ಟು ಕಾರ್ಯಕರ್ತರು ಹೊರಬಂದು ಲಿಬ್ರೆ ಆಫೀಸ್ ಕಟ್ಟಿದರು; 2011ರಲ್ಲಿ ಓಪನ್ ಆಫೀಸ್ ಅಪಾಚೆ ಪ್ರತಿಷ್ಠಾನದ ಸುಪರ್ದಿಗೆ ಹೋಯಿತು. ಮನೆ ಎರಡಾದರೂ ಚಾಲಕಗಳ ಪದರ ಉಳಿಯಿತು. ವಿಳಾಸ ಪುಸ್ತಕದ ವಿವರಗಳನ್ನು ತಂತ್ರಾಂಶದ ಮೂಲೆಮೂಲೆಯಲ್ಲಿ ಬೆರೆಸದೆ ಒಂದೇ ಚಾಲಕದಲ್ಲಿ ಕಟ್ಟಿಟ್ಟಿದ್ದರಿಂದ, ಆಚೆ ಬದಿ ಬದಲಾದಾಗ ತಿದ್ದಬೇಕಾದ ಜಾಗವೂ ಒಂದೇ.

ಬಳಕೆದಾರರು ಅನುಸರಿಸಬಹುದಾದ ಕ್ರಮ ಸರಳ. ವಿಳಾಸಗಳಿಗೆ ಒಂದೇ ನೆಲೆ ಇರಲಿ. ತಿದ್ದುಪಡಿ ಅಲ್ಲಿಯೇ ಆಗಲಿ. ಪೂರ್ಣ ಹೆಸರನ್ನು ಬರೆಯುವ ಕ್ರಮದಲ್ಲೇ ದಾಖಲಿಸಲಿ. ತಾಲ್ಲೂಕು, ಜಿಲ್ಲೆಗಳನ್ನು ಯಾವ ಕೋಣೆಯಲ್ಲಿ ಬರೆಯಬೇಕೆಂದು ಕಚೇರಿಯಲ್ಲಿ ಮೊದಲೇ ತೀರ್ಮಾನಿಸಿ ಎಲ್ಲರೂ ಅದನ್ನೇ ಪಾಲಿಸಲಿ. ಗುಂಪುಗಳ ಹೆಸರನ್ನು ಪದೇ ಪದೇ ಬದಲಿಸದಿರಲಿ. ನೂರಾರು ಪತ್ರಗಳನ್ನು ಮುದ್ರಿಸುವ ಮುನ್ನ ನಾಲ್ಕೈದು ಲಕೋಟೆಗಳನ್ನು ಮುದ್ರಿಸಿ, ಹಳ್ಳಿಯದ್ದೊಂದು, ನಗರದ್ದೊಂದು, ಎರಡು ವಿಳಾಸವಿರುವವರದ್ದೊಂದು ಪರೀಕ್ಷಿಸಿ ನೋಡಲಿ.

ತಂತ್ರಾಂಶ ಎಷ್ಟೇ ಚೆನ್ನಾಗಿ ಬೆಸೆದುಕೊಂಡರೂ ಪುಸ್ತಕದಲ್ಲಿ ಬರೆದದ್ದನ್ನಷ್ಟೇ ಅದು ಓದಬಲ್ಲದು. ಮನೆ ಬದಲಿಸಿದ ಸದಸ್ಯರ ಹೊಸ ವಿಳಾಸವನ್ನು ಅಂದೇ ದಾಖಲಿಸುವ ಕೆಲಸ ಇಂದಿಗೂ ಕಾರ್ಯದರ್ಶಿಯದ್ದೇ. ಆ ದಾಖಲೆ ಮಹಾಸಭೆಯ ಲಕೋಟೆಯವರೆಗೆ ಕೆಡದೆ ತಲುಪಿದರೆ ಜೋಡಣೆ ಸಾರ್ಥಕ.